ಪುಣೆಯ ಉಪನಗರಗಳಲ್ಲಿ ಮಕ್ಕಳ ಆಟದ ಬಯಲು

ಪುಣೆ ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿ ಇನ್ನೂರಕ್ಕೂ ಹೆಚ್ಚು ಸಾರ್ವಜನಿಕ ಉದ್ಯಾನಗಳಿವೆ. ಪಿಂಪ್ರಿ-ಚಿಂಚವಡ ಪಾಲಿಕೆಯ ಉದ್ಯಾನಗಳು ಈ ಲೆಕ್ಕದಲ್ಲಿ ಸೇರಿಲ್ಲ. ಇಷ್ಟು ಕೇಳಿದವರಿಗೆ ನಮ್ಮ ಊರಿನಲ್ಲಿ ಮಕ್ಕಳ ಆಟಕ್ಕೆ ಯಾವ ಕೊರತೆಯೂ ಇಲ್ಲವೆಂದು ತೋರುವುದು ಸಹಜ. ಆದರೆ ವಾಕಡ, ಬಾಣೇರ, ಖರಾಡಿ, ಆಂಬೇಗಾಂವ ಮುಂತಾದ ಬಡಾವಣೆಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳನ್ನು ಕೇಳಿ ನೋಡಿದರೆ ದೊರೆಯುವ ಉತ್ತರ ಬೇರೆ. ಉದ್ಯಾನವೇನೋ ಇದೆ, ಹುಡುಗರು ಚೆಂಡು ಹಿಡಿದು ಓಡಲು ಜಾಗವಿಲ್ಲ ಎನ್ನುತ್ತಾರೆ. ಈ ಎರಡು ಮಾತುಗಳೂ ಏಕಕಾಲಕ್ಕೆ ನಿಜವಾಗಿರುವುದು ಹೇಗೆ ಎಂಬುದನ್ನು ಮೊದಲು ತಿಳಿದುಕೊಂಡರೆ ಒಳ್ಳೆಯ ಆಟದ ತಾಣವನ್ನು ಹುಡುಕುವ ಕೆಲಸ ಅರ್ಧ ಮುಗಿದಂತೆ.

ಉದ್ಯಾನ, ಕ್ರೀಡಾಂಗಣ, ಮೈದಾನ ಎಂಬ ಮೂರು ಪದಗಳನ್ನು ನಾವು ಸಡಿಲವಾಗಿ ಬಳಸುತ್ತೇವೆ. ಅವುಗಳ ಸ್ವಭಾವ ಒಂದೇ ಅಲ್ಲ. ಉದ್ಯಾನವೆಂದರೆ ಹೂಗಿಡ, ಹುಲ್ಲುಹಾಸು, ಹಿರಿಯರು ಸುತ್ತು ಹಾಕುವ ಕಾಲುದಾರಿ ಮತ್ತು ಒಂದು ಮೂಲೆಯಲ್ಲಿ ಜಾರುಬಂಡೆ, ಉಯ್ಯಾಲೆ. ಕ್ರೀಡಾಂಗಣವೆಂದರೆ ತರಬೇತುದಾರ, ಶುಲ್ಕ, ಸಮಯಪಟ್ಟಿ ಇರುವ ಸ್ಥಳ. ಮೈದಾನವೆಂದರೆ ಏನೂ ಇಲ್ಲದ ಬಯಲು. ಐದಾರು ವರ್ಷದ ಮಗುವಿಗೆ ಮೊದಲನೆಯದು ಸಾಕು. ಏಳೆಂಟು ವರ್ಷ ದಾಟಿದ ಮೇಲೆ ಮಗು ಜಾರುಬಂಡೆಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಅದಕ್ಕೆ ಬೇಕಾದದ್ದು ಮೂರನೆಯದು, ಅಂದರೆ ಲಗೋರಿಗೆ, ಕ್ರಿಕೆಟ್ಟಿಗೆ, ಸುಮ್ಮನೆ ಅಟ್ಟಿಸಿಕೊಂಡು ಓಡುವುದಕ್ಕೆ ಒದಗುವ ಬರಿಯ ನೆಲ. ಉಪನಗರಗಳಲ್ಲಿ ಮೊದಲನೆಯದು ಬೆಳೆದಿದೆ, ಎರಡನೆಯದು ಹಣ ಕೊಟ್ಟವರಿಗೆ ಸಿಗುತ್ತದೆ, ಮೂರನೆಯದು ಕರಗುತ್ತಿದೆ. ಈ ಲೇಖನದ ಗಮನ ಮುಖ್ಯವಾಗಿ ಆ ಮೂರನೆಯದರ ಮೇಲೆ.

ಆಟಕ್ಕೆ ಹೆಸರಾದ ಊರು

ಪುಣೆಗೆ ಆಟದ ವಿಷಯದಲ್ಲಿ ಸಾಮಾನ್ಯವಲ್ಲದ ಹಿನ್ನೆಲೆಯಿದೆ. ಇಂದಿನ ಬ್ಯಾಡ್ಮಿಂಟನ್ ಆಟಕ್ಕೆ ಒಂದು ಕಾಲದಲ್ಲಿ 'ಪೂನಾ' ಎಂದೇ ಹೆಸರಿತ್ತು. 1870ರ ದಶಕದಲ್ಲಿ ಇಲ್ಲಿನ ಬ್ರಿಟಿಷ್ ಅಧಿಕಾರಿಗಳ ನಡುವೆ ಅದು ರೂಪ ತಳೆಯಿತು. ಖೋ ಖೋ ಆಟಕ್ಕೆ ಲಿಖಿತ ನಿಯಮಗಳನ್ನು ರೂಪಿಸುವ ಕೆಲಸ 1914ರಲ್ಲಿ ಡೆಕ್ಕನ್ ಜಿಮಖಾನಾದಲ್ಲಿ ನಡೆಯಿತು. ಕ್ಯಾಪ್ಟನ್ ಶಿವರಾಮಪಂತ ದಾಮಲೆಯವರು 1924ರಲ್ಲಿ ಸ್ಥಾಪಿಸಿದ ಮಹಾರಾಷ್ಟ್ರೀಯ ಮಂಡಳ ಮಲ್ಲಕಂಬ, ದೇಶೀ ವ್ಯಾಯಾಮ, ಆಟಗಳನ್ನು ಹಲವು ತಲೆಮಾರುಗಳಿಗೆ ಕಲಿಸಿದೆ. ಸ್ವಾತಂತ್ರ್ಯಾನಂತರ ಸಾರಸಬಾಗಿನ ಮಗ್ಗುಲಲ್ಲಿ ಪೇಶವೆ ಪಾರ್ಕ್ ಸಿದ್ಧವಾಯಿತು. ಅಲ್ಲಿ 1956ರಲ್ಲಿ ಓಡಲಾರಂಭಿಸಿದ 'ಫುಲರಾಣಿ' ಎಂಬ ಪುಟ್ಟ ರೈಲಿನಲ್ಲಿ ಕುಳಿತ ನೆನಪು ನಮ್ಮಲ್ಲಿ ಅನೇಕರಿಗೆ ಇರಬಹುದು. ಅಲ್ಲಿದ್ದ ಪ್ರಾಣಿಗಳು ಆಮೇಲೆ ಕಾತ್ರಜಕ್ಕೆ ಹೋದವು.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ನಮ್ಮ ಚಿನ್ನಿದಾಂಡನ್ನೇ ಮರಾಠಿಯಲ್ಲಿ ವಿಟಿದಾಂಡು ಎನ್ನುತ್ತಾರೆ. ಹಳೆಯ ಪದ್ಧತಿಯಲ್ಲಿ ಅದನ್ನು ಆಡುವ ಮರಾಠಿ ಮಕ್ಕಳು ಎಣಿಸುತ್ತಿದ್ದುದು ಏಕ್, ದೋನ್ ಎಂದಲ್ಲ. ವಕಟ, ಲೇಂಡ, ಮೂಂಡ, ನಾಲ ಎಂದು. ತೆಲುಗಿನ ಒಕಟಿ, ರೆಂಡು, ಮೂಡು, ನಾಲುಗುಗಳಿಗೂ ನಮ್ಮ ಎರಡು, ಮೂರು, ನಾಲ್ಕುಗಳಿಗೂ ಅವು ನೆಂಟರೆಂದು ತಿಳಿಯಲು ಭಾಷಾಶಾಸ್ತ್ರಜ್ಞರ ಅಗತ್ಯವಿಲ್ಲ. ಗಡಿಗಳ ಬಗೆಗೆ ದೊಡ್ಡವರು ವಾದಿಸುತ್ತಿದ್ದಾಗ ಮಕ್ಕಳು ಬಯಲಿನಲ್ಲಿ ಒಬ್ಬರ ಸಂಖ್ಯೆಗಳನ್ನು ಇನ್ನೊಬ್ಬರು ಎತ್ತಿಕೊಂಡಿದ್ದಾರೆ. ಇಂದಿಗೂ ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಬಂದ ಮಗು ಮರಾಠಿಯನ್ನು ಮೊದಲು ಕಲಿಯುವುದು ಶಾಲೆಯಲ್ಲಲ್ಲ, ಆಟದ ಜಾಗದಲ್ಲಿ.

ಹಳೆಯ ಪೇಠೆಗಳಲ್ಲಿ ಮೈದಾನಗಳು ತುಂಬ ಇದ್ದವೆಂದಲ್ಲ. ಅಲ್ಲಿ ವಾಡೆಗಳ ಅಂಗಳವಿತ್ತು, ವಾಹನವಿಲ್ಲದ ಓಣಿಯಿತ್ತು, ಶಾಲೆಯ ಬಯಲಿತ್ತು, ಪರ್ವತಿಯ ಬೆಟ್ಟವಿತ್ತು. ಉಪನಗರಗಳಲ್ಲಿ ಅಂಗಳದ ಬದಲು ವಾಹನ ನಿಲುಗಡೆ ಬಂದಿದೆ, ಓಣಿಯ ಬದಲು ಎಂಬತ್ತು ಅಡಿ ರಸ್ತೆ ಬಂದಿದೆ.

ಬೆಳವಣಿಗೆಯ ವೇಗ, ನಕ್ಷೆಯ ನಿಧಾನ

ಪುಣೆ ಪಾಲಿಕೆಯ ಎಲ್ಲೆ 1997ರಲ್ಲಿ ಒಮ್ಮೆ ಹಿಗ್ಗಿತು. 2017ರಲ್ಲಿ 11 ಗ್ರಾಮಗಳು, 2021ರಲ್ಲಿ ಇನ್ನೂ 23 ಗ್ರಾಮಗಳು ಸೇರಿದವು. ಎಲ್ಲಿ ರಸ್ತೆ, ಎಲ್ಲಿ ಶಾಲೆ, ಎಲ್ಲಿ ಆಟದ ಬಯಲು ಎಂದು ತೀರ್ಮಾನಿಸುವುದು ವಿಕಾಸ ಯೋಜನೆ, ಮರಾಠಿಯಲ್ಲಿ 'ವಿಕಾಸ ಆರಾಖಡಾ'. ಹಳೆಯ ಎಲ್ಲೆಯ ಯೋಜನೆ 1987ರದು. ಅದರ ಪರಿಷ್ಕೃತ ರೂಪಕ್ಕೆ ಸರಕಾರದ ಮಂಜೂರಾತಿ ದೊರೆತದ್ದು 2017ರಲ್ಲಿ. ಈ ಮೂವತ್ತು ವರ್ಷಗಳಲ್ಲಿ ಒಂದು ಇಡೀ ತಲೆಮಾರು ಹುಟ್ಟಿ, ಆಡುವ ವಯಸ್ಸನ್ನು ದಾಟಿ, ಉದ್ಯೋಗಕ್ಕೆ ಸೇರಿತು. ಹೊಸದಾಗಿ ಸೇರಿದ ಹಳ್ಳಿಗಳಲ್ಲಿ ನಕ್ಷೆಗಿಂತ ಮೊದಲೇ ಕಟ್ಟಡಗಳು ಎದ್ದಿವೆ. ಕಟ್ಟಡ ಎದ್ದ ಮೇಲೆ ಮೈದಾನಕ್ಕೆ ಜಾಗ ಹುಡುಕುವುದೆಂದರೆ ಮದುವೆಯ ದಿನ ಹಿತ್ತಲಿನಲ್ಲಿ ಬಾಳೆ ನೆಡುವ ಕೆಲಸ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ನಮ್ಮ ಕಣ್ಣೆದುರಿಗೇ ಇದೆ. ಪಿಂಪ್ರಿ-ಚಿಂಚವಡ ನವನಗರ ವಿಕಾಸ ಪ್ರಾಧಿಕರಣ 1972ರಲ್ಲಿ ಸ್ಥಾಪಿತವಾಯಿತು. ನಿಗಡಿಯ ಸುತ್ತ ಅದು ಮೊದಲು ಸೆಕ್ಟರುಗಳನ್ನು ಗುರುತಿಸಿ, ರಸ್ತೆ ಮತ್ತು ಬಯಲುಗಳನ್ನು ಬಿಟ್ಟು, ಅನಂತರ ನಿವೇಶನಗಳನ್ನು ಹಂಚಿತು. 2021ರಲ್ಲಿ ಆ ಸಂಸ್ಥೆ ವಿಲೀನವಾದರೂ ಜನ ಆ ಭಾಗವನ್ನು ಈಗಲೂ 'ಪ್ರಾಧಿಕರಣ' ಎಂದೇ ಕರೆಯುತ್ತಾರೆ. ಅಲ್ಲಿ ಮನೆ ಮಾಡಿದವರು ಮಕ್ಕಳ ಆಟದ ಬಗೆಗೆ ಕಡಿಮೆ ದೂರುವುದನ್ನು ನಾನು ಗಮನಿಸಿದ್ದೇನೆ. ಕೆಲವೇ ಕಿಲೋಮೀಟರು ದೂರದ ವಾಕಡ, ಹಿಂಜವಡಿಗಳಲ್ಲಿ ಆದಾಯ ಹೆಚ್ಚು, ಕಟ್ಟಡ ಎತ್ತರ, ಬಯಲು ಕಡಿಮೆ.

ಯಾವ ಭಾಗದಲ್ಲಿ ಏನಿದೆ

ಇದು ಪೂರ್ಣ ಪಟ್ಟಿಯಲ್ಲ. ಹೊಸದಾಗಿ ಬಂದವರಿಗೆ ದಿಕ್ಕು ತೋರಿಸುವಷ್ಟು ಮಾತ್ರ.

ಕೋಥರೂಡ ಮತ್ತು ಎರಂಡವಣೆಯ ಕುಟುಂಬಗಳಿಗೆ ಕಮಲಾ ನೆಹರೂ ಉದ್ಯಾನ, ಥೋರಾತ ಉದ್ಯಾನಗಳು ಪರಿಚಿತ. ಥೋರಾತ ಉದ್ಯಾನದಲ್ಲಿ ಮೊನೊರೈಲು ನಿರ್ಮಿಸುವ ಪಾಲಿಕೆಯ ಯೋಜನೆಯನ್ನು ಅಲ್ಲಿನ ನಿವಾಸಿಗಳು ಬಲವಾಗಿ ವಿರೋಧಿಸಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಮಕ್ಕಳಿಗೆ ಒಂದು ಆಕರ್ಷಣೆ ದೊರೆಯುವುದು ಒಳ್ಳೆಯದಲ್ಲವೇ ಎಂದು ಕೆಲವರು ಕೇಳಬಹುದು. ಯಂತ್ರದಲ್ಲಿ ಕುಳಿತು ಸುತ್ತುವ ಮಗು ಆಡುತ್ತಿರುವುದಿಲ್ಲ, ಪ್ರಯಾಣಿಸುತ್ತಿರುತ್ತದೆ. ವರ್ಷಕ್ಕೊಮ್ಮೆ ಹೋಗುವ ತಾಣಕ್ಕೆ ಅದು ಸರಿ, ದಿನವೂ ಹೋಗುವ ತಾಣಕ್ಕೆ ನೆಲವೇ ಬೇಕು.

ಸಿಂಹಗಡ ರಸ್ತೆಯಲ್ಲಿ 2006ರಲ್ಲಿ ತೆರೆದ ಪು. ಲ. ದೇಶಪಾಂಡೆ ಉದ್ಯಾನ ಜಪಾನಿನ ಒಕಾಯಾಮಾ ನಗರದ ಕೊರಾಕುಎನ್ ಉದ್ಯಾನದ ಮಾದರಿಯಲ್ಲಿದೆ. ಸುಮಾರು 10 ಎಕರೆಯ ಈ ತಾಣ ಮನಸ್ಸಿಗೆ ತಂಪು, ನೆಂಟರಿಗೆ ತೋರಿಸಲು ಯೋಗ್ಯ. ಆದರೆ ಅದು ನೋಡುವ ಉದ್ಯಾನ, ಆಡುವ ಉದ್ಯಾನವಲ್ಲ. ಚೆಂಡು ಮನೆಯಲ್ಲಿಟ್ಟು ಹೋಗಿ. ನದಿಗೆ ಹತ್ತಿರದ ಬಯಲುಗಳನ್ನು ನೆಚ್ಚಿಕೊಂಡವರು ಮಳೆಗಾಲದಲ್ಲಿ ಖಡಕವಾಸಲಾ ಅಣೆಕಟ್ಟಿನ ನೀರು ಬಿಡುವ ಸುದ್ದಿಯನ್ನು ಗಮನಿಸುತ್ತಿರಬೇಕು. 2024ರ ಜುಲೈಯಲ್ಲಿ ಇದೇ ರಸ್ತೆಯ ಏಕತಾ ನಗರಿಯ ಮನೆಗಳಿಗೇ ನೀರು ನುಗ್ಗಿತ್ತು.

ದಕ್ಷಿಣದಲ್ಲಿ ಸಹಕಾರನಗರ, ಧನಕವಡಿಗಳಿಗೆ ತಳಜಾಯಿ ಬೆಟ್ಟ ಸಮೀಪ. ಕಾತ್ರಜದ ರಾಜೀವ ಗಾಂಧಿ ಪ್ರಾಣಿಸಂಗ್ರಹಾಲಯ ಕೆರೆಯೂ ಸೇರಿ ಸುಮಾರು 130 ಎಕರೆಯ ವಿಸ್ತಾರವುಳ್ಳದ್ದು. ರಜೆಯ ದಿನಕ್ಕೆ ಅದು ಯೋಗ್ಯ. ಬುಧವಾರ ಅಲ್ಲಿಗೆ ವಾರದ ರಜೆ ಎಂಬುದನ್ನು ಮರೆತು ಮಕ್ಕಳನ್ನು ಕರೆದೊಯ್ದು ಬಾಗಿಲಿನಿಂದ ಹಿಂದಿರುಗಿದವರು ಅನೇಕ.

ಪೂರ್ವಕ್ಕೆ ಬಂದರೆ, ರೇಸ್‌ಕೋರ್ಸಿನ ಸಮೀಪದ ಎಂಪ್ರೆಸ್ ಉದ್ಯಾನ 39 ಎಕರೆಯದು. ವಾನವಡಿಯಲ್ಲಿ ಶಿವರಕರ ಉದ್ಯಾನವಿದೆ, ವಿಮಾನನಗರದಲ್ಲಿ ಜಾಗರ್ಸ್ ಪಾರ್ಕ್ ಇದೆ. ಇವುಗಳಲ್ಲಿ ಎಂಪ್ರೆಸ್ ಉದ್ಯಾನದ ಹಳೆಯ ಮರಗಳ ನೆರಳಿಗೆ ಸಾಟಿಯಿಲ್ಲ; ಏಪ್ರಿಲ್, ಮೇ ತಿಂಗಳ ಬೆಳಗಿನ ಹೊತ್ತಿಗೆ ಅದನ್ನೇ ನಾನು ಸೂಚಿಸುತ್ತೇನೆ. ಹಡಪಸರದ ಮಗರಪಟ್ಟಾ ನಗರವನ್ನು ರೈತ ಕುಟುಂಬಗಳು ತಮ್ಮ ಜಮೀನನ್ನು ಒಟ್ಟುಗೂಡಿಸಿ ಕಟ್ಟಿದವು. ಅದರ ಮಧ್ಯದಲ್ಲಿ ಸುಮಾರು 25 ಎಕರೆಯ ಅದಿತಿ ಉದ್ಯಾನವನ್ನು ಉಳಿಸಿಕೊಂಡದ್ದು ಮೆಚ್ಚತಕ್ಕ ವಿಷಯ. ಖಾಸಗಿಯವರೂ ಮನಸ್ಸು ಮಾಡಿದರೆ ಜಾಗ ಬಿಡಬಲ್ಲರು ಎಂಬುದಕ್ಕೆ ಅದು ಸಾಕ್ಷಿ.

ಪಶ್ಚಿಮದಲ್ಲಿ ಬಾಲೇವಾಡಿಯ ಶ್ರೀ ಶಿವಛತ್ರಪತಿ ಕ್ರೀಡಾನಗರಿ 1994ರ ರಾಷ್ಟ್ರೀಯ ಕ್ರೀಡೆಗಳಿಗಾಗಿ ನಿರ್ಮಾಣಗೊಂಡದ್ದು. 2008ರ ಕಾಮನ್‌ವೆಲ್ತ್ ಯುವ ಕ್ರೀಡಾಕೂಟವೂ ಅಲ್ಲಿಯೇ ನಡೆಯಿತು. ಈಜು, ಟೆನಿಸ್, ಅಥ್ಲೆಟಿಕ್ಸ್ ಕಲಿಯಬೇಕೆನ್ನುವ ಮಕ್ಕಳಿಗೆ ಅದು ದೊಡ್ಡ ಅವಕಾಶ. ಆದರೆ ಸಂಜೆ ಐದಕ್ಕೆ ಚಪ್ಪಲಿ ಮೆಟ್ಟಿಕೊಂಡು ಓಡಿಹೋಗಿ ಆಡುವ ಜಾಗವಲ್ಲ. ಪಿಂಪಳೆ ಸೌದಾಗರದಲ್ಲಿ ಉದ್ದಕ್ಕೆ ಚಾಚಿಕೊಂಡ ಲೀನಿಯರ್ ಉದ್ಯಾನವಿದೆ. ನಿಗಡಿಯಲ್ಲಿ ದುರ್ಗಾ ಟೇಕಡಿಯೂ, ಶಿವಾಜಿ ಮಹಾರಾಜರು ಮತ್ತು ತುಕಾರಾಮರ ಭೇಟಿಯ ಶಿಲ್ಪವಿರುವ ಭಕ್ತಿ-ಶಕ್ತಿ ಉದ್ಯಾನವೂ ಇವೆ. ಚಿಂಚವಡದಲ್ಲಿ ವಿಜ್ಞಾನ ಕೇಂದ್ರವಿದೆ.

ಪಾಲಿಕೆಯ ಬಹುತೇಕ ಉದ್ಯಾನಗಳು ಬೆಳಿಗ್ಗೆ ಕೆಲವು ಗಂಟೆ, ಸಂಜೆ ಕೆಲವು ಗಂಟೆ ತೆರೆದಿದ್ದು ನಡುಹಗಲು ಮುಚ್ಚಿರುತ್ತವೆ. ಬೇಸಿಗೆ ರಜೆಯಲ್ಲಿ ಊರಿನಿಂದ ಬಂದ ಮೊಮ್ಮಕ್ಕಳೊಡನೆ ಹೊರಡುವ ಮುನ್ನ ಬಾಗಿಲ ಮೇಲಿನ ಫಲಕವನ್ನೊಮ್ಮೆ ನೋಡಿಬಂದರೆ ಅನುಕೂಲ.

ದೂರದ ಹತ್ತೆಕರೆಗಿಂತ ಹತ್ತಿರದ ಹತ್ತು ಗುಂಟೆ

ಮೇಲಿನ ಹೆಸರುಗಳನ್ನು ಓದಿದವರು ಒಂದು ಅಂಶವನ್ನು ಗಮನಿಸಿರಬಹುದು. ಇವುಗಳಲ್ಲಿ ಹೆಚ್ಚಿನವಕ್ಕೆ ಮಗು ತಾನಾಗಿ ಹೋಗಲಾರದು. ತಂದೆಯ ಸ್ಕೂಟರು, ತಾಯಿಯ ಬಿಡುವು, ಅಜ್ಜನ ಮೊಣಕಾಲು ಮೂರೂ ಒದಗಿದ ದಿನ ಮಾತ್ರ ಆಟ. ಆಟದ ತಾಣದ ಮೊದಲ ಗುಣ ವಿಸ್ತಾರವಲ್ಲ, ಸಾಮೀಪ್ಯ. ಮನೆಯಿಂದ ಹತ್ತು ನಿಮಿಷದ ನಡಿಗೆ, ನಡುವೆ ದೊಡ್ಡ ರಸ್ತೆ ದಾಟುವಂತಿಲ್ಲ. ಇದನ್ನೇ ನಾನು ಅಳತೆಗೋಲಾಗಿ ಇಟ್ಟುಕೊಳ್ಳುತ್ತೇನೆ. ವಾಕಡ, ಬಾಣೇರ, ವಾರಜೆಗಳನ್ನು ಮುಂಬಯಿ-ಬೆಂಗಳೂರು ಹೆದ್ದಾರಿ ಸೀಳಿಕೊಂಡು ಹೋಗುತ್ತದೆ. ನಮ್ಮನ್ನು ಬೆಳಗಾವಿ, ಧಾರವಾಡಗಳಿಗೆ ಒಯ್ಯುವ ರಸ್ತೆ ಅದೇ. ಅದರಾಚೆ ಎಂತಹ ಉದ್ಯಾನವಿದ್ದರೂ ಈಚೆಯ ಮಗುವಿಗೆ ಅದು ಬೇರೆ ಊರಿನಲ್ಲಿದ್ದಂತೆ.

ಈ ತತ್ತ್ವವನ್ನು ಒಂದು ನಗರ ಬಹಳ ಹಿಂದೆಯೇ ಆಚರಣೆಗೆ ತಂದಿದೆ. ಎರಡನೆಯ ಮಹಾಯುದ್ಧದ ನಂತರ ಆಮ್‌ಸ್ಟರ್‌ಡಾಮಿನಲ್ಲಿ ಆಲ್ಡೊ ಫಾನ್ ಐಕ್ ಎಂಬ ವಾಸ್ತುಶಿಲ್ಪಿ 1947ರಿಂದ ಮೂರು ದಶಕಗಳ ಕಾಲ ಏಳುನೂರಕ್ಕೂ ಹೆಚ್ಚು ಪುಟ್ಟ ಆಟದ ತಾಣಗಳನ್ನು ವಿನ್ಯಾಸಗೊಳಿಸಿದರು. ಬಿದ್ದ ಕಟ್ಟಡದ ಖಾಲಿ ನಿವೇಶನ, ರಸ್ತೆಯ ಮೂಲೆ, ಯಾರಿಗೂ ಬೇಡವಾದ ತುಂಡುಭೂಮಿ, ಇವೇ ಅವರ ಬಂಡವಾಳ. ಒಂದು ಮರಳಿನ ಗುಂಡಿ, ನೆಗೆಯಲು ಕೆಲವು ಕಲ್ಲುದಿಂಡು, ಹತ್ತಲು ಕಬ್ಬಿಣದ ಕಮಾನು, ಹೆಚ್ಚೇನೂ ಇಲ್ಲ. ಪ್ರತಿ ಬೀದಿಗೂ ಒಂದು ತಾಣ ದೊರೆತದ್ದೇ ಮುಖ್ಯವಾಯಿತು. ನಮ್ಮ ಉಪನಗರಗಳಲ್ಲೂ ಇಂತಹ ತುಂಡುಗಳು ಕಡಿಮೆಯಿಲ್ಲ. ಅವುಗಳಲ್ಲಿ ಸದ್ಯ ಹಳೆಯ ಕಾರುಗಳು ನಿಂತಿವೆ.

ತಾಣವನ್ನು ಪರೀಕ್ಷಿಸುವಾಗ

ಸಂಜೆ ಐದೂವರೆಗೆ ಒಮ್ಮೆ ಹೋಗಿ ಅರ್ಧ ಗಂಟೆ ಕುಳಿತು ನೋಡಿ. ಭಾನುವಾರ ನೋಡಬೇಡಿ, ವಾರದ ನಡುವೆ ನೋಡಿ. ಮಕ್ಕಳು ಎಷ್ಟು, ಯಾವ ವಯಸ್ಸಿನವರು, ಹೆಣ್ಣುಮಕ್ಕಳು ಬರುತ್ತಾರೆಯೇ ಎಂಬುದರಲ್ಲಿ ಅರ್ಧ ಉತ್ತರವಿದೆ. ಹನ್ನೆರಡು ದಾಟಿದ ಹೆಣ್ಣುಮಕ್ಕಳು ಆಡುತ್ತಿರುವ ಬಯಲನ್ನು ಕಣ್ಣುಮುಚ್ಚಿ ಒಪ್ಪಬಹುದು. ಅಲ್ಲಿ ಬೆಳಕಿದೆ, ಶೌಚಾಲಯವಿದೆ, ಪುಂಡರ ಕಾಟವಿಲ್ಲ ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ಆಟದ ತಾಣದ ಪೆಟ್ಟುಗಳಲ್ಲಿ ಹೆಚ್ಚಿನವು ಎತ್ತರದಿಂದ ಬಿದ್ದು ಆಗುವಂಥವು. ಆದ್ದರಿಂದ ಉಪಕರಣದ ಬಣ್ಣಕ್ಕಿಂತ ಅದರ ಕೆಳಗಿನ ನೆಲ ಮುಖ್ಯ. ಸಿಮೆಂಟು, ಹೆಂಚು, ಗಟ್ಟಿಯಾಗಿ ತುಳಿದ ಮಣ್ಣು ಇದ್ದರೆ ಬೇಡ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಪ್ರಕಟಿಸಿರುವ ಮಾರ್ಗಸೂಚಿಯಂತೆ ಉಪಕರಣದ ಕೆಳಗೆ ಸಡಿಲ ಮರಳು ಅಥವಾ ಮರದ ಚಕ್ಕೆ ಒಂದಡಿಯಷ್ಟು ತುಂಬಿರಬೇಕು, ಏಕೆಂದರೆ ತುಳಿತಕ್ಕೆ ಅದು ಒಂಬತ್ತು ಅಂಗುಲಕ್ಕೆ ಇಳಿಯುತ್ತದೆ. ಸುತ್ತಲೂ ಆರು ಅಡಿ ತೆರವಿರಬೇಕು. ಕಂಬಿಗಳ ನಡುವಿನ ಸಂದು ಮೂರೂವರೆ ಅಂಗುಲಕ್ಕಿಂತ ಕಡಿಮೆ ಅಥವಾ ಒಂಬತ್ತು ಅಂಗುಲಕ್ಕಿಂತ ಹೆಚ್ಚು ಇರಬೇಕು. ನಡುವಿನ ಅಳತೆಯಾದರೆ ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುವ ಅಪಾಯವಿದೆ. ಅಳತೆಪಟ್ಟಿ ಒಯ್ಯುವುದು ಅತಿರೇಕವೆನಿಸಿದರೆ ನಿಮ್ಮ ಅಂಗೈಯೇ ಸಾಕು. ಉಕ್ಕಿನ ಜಾರುಬಂಡೆ ಪಶ್ಚಿಮಕ್ಕೆ ಮುಖ ಮಾಡಿದ್ದರೆ ಬೇಸಿಗೆಯ ಸಂಜೆ ಅದು ಕಾವಲಿಯಂತೆ ಸುಡುತ್ತದೆ. ಹಳೆಯ ಟಯರುಗಳಿಂದ ಮಾಡಿದ ಉಯ್ಯಾಲೆ, ಬೇಲಿಗಳು ಈಗ ಬಳಕೆಗೆ ಬಂದಿವೆ. ನೋಡಲು ಚೆಂದ, ಆದರೆ ತೂತು ಕೊರೆಯದ ಟಯರಿನೊಳಗೆ ಮಳೆನೀರು ನಿಂತು ಡೆಂಗಿ ಹರಡುವ ಸೊಳ್ಳೆ ಮರಿ ಹಾಕುತ್ತದೆ. ಆ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಮಕ್ಕಳು ಆಡುವ ಹೊತ್ತಿನಲ್ಲೇ. ಬಯಲಿನ ಅಂಚಿನ ನಾಲೆ, ಬಾವಿ, ನೀರಿನ ತೊಟ್ಟಿಯ ಮುಚ್ಚಳ, ವಿದ್ಯುತ್ ಪೆಟ್ಟಿಗೆಗಳನ್ನು ನೋಡುವುದನ್ನಂತೂ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಎಚ್ಚರ ಹೇಳಿದ ಮೇಲೂ ಒಂದು ಮಾತು. ಮಂಡಿ ತರಚದ ಬಾಲ್ಯವನ್ನು ಬಯಸಬಾರದು. ಐದರಿಂದ ಹದಿನೇಳು ವಯಸ್ಸಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೆವರು ಬರುವಂತಹ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶಾಲೆಯ ವಾಹನದಲ್ಲಿ ಎರಡು ಗಂಟೆ, ಪಾಠದಲ್ಲಿ ಎರಡು ಗಂಟೆ ಕಳೆಯುವ ಮಗುವಿಗೆ ಆ ಒಂದು ಗಂಟೆಯನ್ನು ಎಲ್ಲಿಂದ ತರುವುದೆಂಬುದು ಪ್ರತಿ ಮನೆಯ ಲೆಕ್ಕ.

ಮನೆಯ ಕಾಗದಪತ್ರಗಳಲ್ಲಿ ಅಡಗಿರುವ ಮೈದಾನ

ಬ್ಯಾಂಕಿನ ಉದ್ಯೋಗದಲ್ಲಿ ಗೃಹಸಾಲದ ಕಡತಗಳನ್ನು ನೋಡುತ್ತ ಬಂದ ನನಗೆ ಒಂದು ವಿಷಯ ಸದಾ ಸೋಜಿಗವೆನಿಸುತ್ತದೆ. ಸಾಲಗಾರರು ಬಡ್ಡಿಯ ದರದಲ್ಲಿ ಕಾಲು ಶೇಕಡಾಕ್ಕಾಗಿ ವಾರಗಟ್ಟಲೆ ಚೌಕಾಸಿ ಮಾಡುತ್ತಾರೆ, ಅದೇ ಕಡತದಲ್ಲಿರುವ ಮಂಜೂರಾದ ನಕ್ಷೆಯನ್ನು ಬಿಡಿಸಿ ನೋಡುವುದಿಲ್ಲ. ಮಕ್ಕಳ ಮೈದಾನ ಇರುವುದು ಆ ಕಾಗದದಲ್ಲಿ.

2020ರ ಡಿಸೆಂಬರಿನಿಂದ ಮಹಾರಾಷ್ಟ್ರದ ಬಹುಭಾಗಕ್ಕೆ ಅನ್ವಯಿಸುವ ಏಕೀಕೃತ ಕಟ್ಟಡ ನಿಯಮಾವಳಿಯ ಪ್ರಕಾರ 0.4 ಹೆಕ್ಟೇರ್, ಅಂದರೆ ಸುಮಾರು ಒಂದು ಎಕರೆ, ಅಥವಾ ಅದಕ್ಕಿಂತ ದೊಡ್ಡ ವಸತಿ ವಿನ್ಯಾಸದಲ್ಲಿ ಶೇಕಡಾ 10ರಷ್ಟು ಜಾಗವನ್ನು ಮನರಂಜನೆಯ ತೆರೆದ ಬಯಲಾಗಿ ಬಿಡಬೇಕು. ಮಾರಾಟದ ಬಣ್ಣದ ಪತ್ರಿಕೆಯಲ್ಲಿ ಹಸಿರು ತೋರಿಸಿದ ಜಾಗವೆಲ್ಲ ಇದಲ್ಲ. ಮಂಜೂರಾದ ನಕ್ಷೆಯಲ್ಲಿ 'ತೆರೆದ ಜಾಗ' ಎಂದು ಅಳತೆಯ ಸಮೇತ ಬರೆದದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದು ನೆಲದ ಮೇಲಿದೆಯೇ, ವಾಹನ ನಿಲುಗಡೆಯ ತಾರಸಿಯ ಮೇಲಿದೆಯೇ, ಒಂದೇ ತುಂಡಾಗಿದೆಯೇ, ಕಟ್ಟಡದ ಸುತ್ತ ರಿಬ್ಬನ್ನಿನಂತೆ ಹರಿದಿದೆಯೇ ನೋಡಬೇಕು. ತಾರಸಿಯ ಮೇಲಿನದು ಅತ್ತ ಮೈದಾನವೂ ಅಲ್ಲ, ಇತ್ತ ಅಂಗಳವೂ ಅಲ್ಲ. 2016ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆ, ಅಂದರೆ ರೇರಾ, ಉದ್ಯಾನ ಮತ್ತು ಆಟದ ಜಾಗಗಳನ್ನು ಸಾಮೂಹಿಕ ಆಸ್ತಿಯ ವ್ಯಾಖ್ಯೆಯಲ್ಲಿಯೇ ಸೇರಿಸಿದೆ. ನೋಂದಾಯಿತ ಯೋಜನೆಗಳ ನಕ್ಷೆಗಳನ್ನು ಮಹಾರೇರಾದ ಜಾಲತಾಣದಲ್ಲಿ ನೋಡಬಹುದು. ಎರಡನೆಯ ಹಂತದಲ್ಲಿ ಅದೇ ಬಯಲಿನ ಮೇಲೆ ಇನ್ನೊಂದು ಗೋಪುರ ಏಳಲಿದೆಯೇ ಎಂಬುದೂ ಅಲ್ಲಿಯೇ ತಿಳಿಯುತ್ತದೆ.

ಜಾಗ ಇದ್ದ ಮೇಲೂ ಒಂದು ತೊಡಕು ಉಳಿಯುತ್ತದೆ. 'ಇಲ್ಲಿ ಚೆಂಡಾಟ ನಿಷಿದ್ಧ' ಎಂಬ ಫಲಕವನ್ನು ನಾನು ನೋಡಿದ ವಸತಿ ಸಂಕೀರ್ಣಗಳಿಗೆ ಲೆಕ್ಕವಿಲ್ಲ. ಕಾರಿನ ಗಾಜು, ಹಿರಿಯರ ನೆಮ್ಮದಿ, ಹುಲ್ಲಿನ ಖರ್ಚು ಇವೇ ಕಾರಣಗಳು. ಹಿರಿಯರ ಪಕ್ಷಕ್ಕೆ ಸೇರುವ ವಯಸ್ಸು ನನಗೂ ಬರುತ್ತಿದೆ. ಆದರೂ ಈ ವಿಷಯದಲ್ಲಿ ನನ್ನ ಮತ ಮಕ್ಕಳಿಗೆ. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಐದರಿಂದ ಏಳರವರೆಗೆ ಮೃದು ಚೆಂಡಿನ ಆಟಕ್ಕೆ ಅವಕಾಶ, ಆ ಬದಿಯ ಕಾರುಗಳನ್ನು ಬೇರೆಡೆ ನಿಲ್ಲಿಸುವ ಏರ್ಪಾಡು ಎಂಬಷ್ಟು ನಿರ್ಣಯ ಮಾಡಿಸಿದರೆ ಕೆಲಸ ನಡೆಯುತ್ತದೆ. ಅದರ ಜತೆಗೆ ಕಾವಲುಗಾರನ ಮಗ, ಮನೆಗೆಲಸದವಳ ಮಗಳು ಆಟಕ್ಕೆ ಸೇರಬಹುದೇ ಎಂಬ ಪ್ರಶ್ನೆಯೂ ಏಳುತ್ತದೆ. ಸಭೆಯಲ್ಲಿ ಯಾರೂ ಬಾಯಿಬಿಟ್ಟು ಬೇಡವೆನ್ನುವುದಿಲ್ಲ. ಬಾಗಿಲಲ್ಲಿ ಮಾತ್ರ ತಡೆಯುತ್ತಾರೆ. ಲಗೋರಿಗೆ ಎರಡು ಪಕ್ಷ ಬೇಕು, ಪಕ್ಷಕ್ಕೆ ಐದಾರು ಮಕ್ಕಳಾದರೂ ಬೇಕು. ಒಂದು ಸಂಕೀರ್ಣದ ಒಂದೇ ವಯಸ್ಸಿನ ಮಕ್ಕಳನ್ನು ಎಣಿಸಿದರೆ ತಡೆಯುವವರಿಗೇ ಅರ್ಥವಾದೀತು.

ಮೀಸಲು ಜಾಗ ಕೈಬಿಟ್ಟು ಹೋಗುವ ಬಗೆ

ಯೋಜನೆಯ ನಕ್ಷೆಯಲ್ಲಿ ಮೈದಾನವೆಂದು ಬರೆದ ಮಾತ್ರಕ್ಕೆ ಅದು ಮೈದಾನವಾಗದು. ಆ ಭೂಮಿ ಖಾಸಗಿಯವರದಾಗಿದ್ದರೆ ಪಾಲಿಕೆ ಅದನ್ನು ಸ್ವಾಧೀನ ಪಡಿಸಿಕೊಳ್ಳಬೇಕು. ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆ, 1966ರ 127ನೆಯ ಕಲಮಿನಂತೆ ಯೋಜನೆ ಜಾರಿಗೆ ಬಂದು 10 ವರ್ಷಗಳಾದರೂ ಸ್ವಾಧೀನವಾಗದಿದ್ದರೆ ಒಡೆಯ ನೋಟೀಸು ಕೊಡಬಹುದು. ಅನಂತರವೂ ಕಾಯಿದೆ ಹೇಳಿದ ಅವಧಿಯಲ್ಲಿ ಕ್ರಮ ಆರಂಭವಾಗದಿದ್ದರೆ ಮೀಸಲು ತಾನಾಗಿ ರದ್ದಾಗುತ್ತದೆ. ಒಡೆಯನ ದೃಷ್ಟಿಯಿಂದ ಇದು ನ್ಯಾಯವೇ. ತನ್ನ ಭೂಮಿಯನ್ನು ಎಷ್ಟು ಕಾಲ ಹೆಪ್ಪುಗಟ್ಟಿಸಿ ಇಡಲಾದೀತು? ತಪ್ಪುವುದು ಸಮಯಕ್ಕೆ ಹಣ ಒದಗಿಸದ ಕಡೆ. ಆದ್ದರಿಂದ ನಿಮ್ಮ ಬಡಾವಣೆಯ ಮೀಸಲು ಬಯಲಿನ ಸ್ಥಿತಿಯೇನು ಎಂದು ಮಾಹಿತಿ ಹಕ್ಕಿನ ಅರ್ಜಿಯ ಮೂಲಕ ಕೇಳುವುದು ಹತ್ತು ರೂಪಾಯಿಯ ಒಳ್ಳೆಯ ಹೂಡಿಕೆ.

ಮೀಸಲಿನ ಉದ್ದೇಶವನ್ನೇ ಬದಲಿಸುವುದಾದರೆ ದಾರಿ ಬೇರೆ. ಅದೇ ಕಾಯಿದೆಯ 37ನೆಯ ಕಲಮಿನಂತೆ ರಾಜ್ಯಪತ್ರದಲ್ಲಿಯೂ ಪತ್ರಿಕೆಗಳಲ್ಲಿಯೂ ಪ್ರಕಟಣೆ ಹೊರಡಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ಸಲ್ಲಿಸಲು ಒಂದು ತಿಂಗಳ ಅವಧಿಯಿರುತ್ತದೆ. ಮರಾಠಿ ಪತ್ರಿಕೆಯ ಒಳಪುಟದ ಸಣ್ಣಕ್ಷರಗಳ ಆ ಪ್ರಕಟಣೆಯನ್ನು ನಮ್ಮಲ್ಲಿ ಓದುವವರು ವಿರಳ.

ಇಂತಹ ಹೋರಾಟಕ್ಕೆ ಕನ್ನಡಿಗರ ಊರಿನದೇ ಪ್ರಸಿದ್ಧ ನಿದರ್ಶನವಿದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಸಾರ್ವಜನಿಕ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಸರಕಾರದ ಸೂಚನೆಯಂತೆ ಖಾಸಗಿ ಟ್ರಸ್ಟೊಂದಕ್ಕೆ ನರ್ಸಿಂಗ್ ಹೋಮ್ ಕಟ್ಟಲು ಹಂಚಲಾಯಿತು. ಆಸ್ಪತ್ರೆಯೂ ಜನೋಪಯೋಗಿಯೇ ಅಲ್ಲವೇ ಎಂಬುದು ಹಂಚಿದವರ ವಾದ. ಬಿ. ಎಸ್. ಮುದ್ದಪ್ಪ ಮತ್ತಿತರ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿವಾಸಿಗಳ ಪರವಾಗಿ ತೀರ್ಪು ಕೊಟ್ಟಿತು. ಉದ್ಯಾನಕ್ಕೆ ಮೀಸಲಾದದ್ದನ್ನು ಅಧಿಕಾರದಲ್ಲಿರುವವರ ಇಚ್ಛೆಯಂತೆ ಪರಭಾರೆ ಮಾಡಲಾಗದು, ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವವರಿಗಿದೆ ಎಂಬುದು ಅದರ ಸಾರ. ದೇಶದ ಯಾವ ಮೂಲೆಯಲ್ಲಿ ಆಟದ ಬಯಲಿನ ವ್ಯಾಜ್ಯ ನಡೆದರೂ ವಕೀಲರು ಈ ತೀರ್ಪನ್ನು ನೆನೆಯುತ್ತಾರೆ. ಕರ್ನಾಟಕವಂತೂ 1985ರಲ್ಲೇ ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ರಕ್ಷಣೆಗೆ ಪ್ರತ್ಯೇಕ ಕಾಯಿದೆಯನ್ನು ಮಾಡಿದೆ.

ನ್ಯಾಯಾಲಯದವರೆಗೆ ಹೋಗದೆ ಆಗುವ ಕೆಲಸಗಳೂ ಇವೆ. ಪುಣೆ ಪಾಲಿಕೆ 2006ರಲ್ಲಿ ನಾಗರಿಕರ ಸಹಭಾಗಿತ್ವದ ಆಯವ್ಯಯವನ್ನು ಆರಂಭಿಸಿತು. ಬಡಾವಣೆಯ ಸಣ್ಣ ಕಾಮಗಾರಿಗಳನ್ನು ನಾಗರಿಕರೇ ಸೂಚಿಸಬಹುದು. ಉಯ್ಯಾಲೆಯ ಕೆಳಗೆ ಮರಳು, ಮೈದಾನಕ್ಕೆ ಎರಡು ದೀಪ, ಕುಡಿಯುವ ನೀರಿನ ನಲ್ಲಿ ಇವೆಲ್ಲ ಈ ಬಗೆಯಲ್ಲಿ ಕೇಳಲು ತಕ್ಕವು. ಮುರಿದ ಉಪಕರಣ, ಒಣಗಿದ ಕೊಂಬೆಗಳ ದೂರನ್ನು ಕ್ಷೇತ್ರೀಯ ಕಚೇರಿಯಲ್ಲಿ ಬರಹದಲ್ಲಿ ಕೊಟ್ಟು ಕ್ರಮಸಂಖ್ಯೆ ಪಡೆಯಿರಿ. ಮಳೆಗಾಲಕ್ಕೆ ಮೊದಲೇ ಕೊಟ್ಟರೆ ಉತ್ತಮ. ಪಿಂಪ್ರಿ-ಚಿಂಚವಡದಲ್ಲಿ 2013ರಲ್ಲಿ ಆರಂಭವಾದ 'ಸಾರಥಿ' ಸೇವೆ ಇದೇ ಉದ್ದೇಶದ್ದು. ಅರ್ಜಿ ಮರಾಠಿಯಲ್ಲಿದ್ದರೆ ಬೇಗ ಸಾಗುತ್ತದೆ. ಬರೆದುಕೊಡಲು ನೆರೆಯ ಮರಾಠಿ ಮಿತ್ರರು ಹಿಂದೇಟು ಹಾಕಿದ್ದನ್ನು ನಾನು ಕಂಡಿಲ್ಲ.

ಶಾಲೆಯ ಬಯಲು, ಊರಿನ ಬೆಟ್ಟ

2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ ಬೇಕೆನ್ನುತ್ತದೆ. ಆ ಮೈದಾನಗಳು ಸಂಜೆ ಆರಕ್ಕೂ, ಎರಡು ತಿಂಗಳ ಬೇಸಿಗೆಯಲ್ಲೂ ಬೀಗ ಹಾಕಿಕೊಂಡಿರುತ್ತವೆ. ಕೆಲವನ್ನು ಸಂಜೆಯ ಹೊತ್ತಿಗೆ ಖಾಸಗಿ ತರಬೇತಿಗೆ ಬಾಡಿಗೆಗೆ ಕೊಡುವುದುಂಟು. ಗಂಟೆಯ ಲೆಕ್ಕದ ಟರ್ಫ್ ಮೈದಾನಗಳೂ ಎಲ್ಲೆಡೆ ಎದ್ದಿವೆ, ಆದರೆ ಅವುಗಳಲ್ಲಿ ಹೆಚ್ಚಾಗಿ ಆಡುವುದು ಕಂಪನಿಗಳ ಯುವಕರು. ಪೋಷಕರ ಸಭೆಯಲ್ಲಿ ನಾಲ್ಕಾರು ಮಂದಿ ಸೇರಿ, ಮೇಲ್ವಿಚಾರಣೆಗೆ ಸರದಿಯಂತೆ ನಿಲ್ಲುವ ಹೊಣೆ ಹೊತ್ತು, ಭಾನುವಾರದ ಬೆಳಗಿಗೆ ಬಯಲನ್ನು ತೆರೆಯುವಂತೆ ಕೇಳಬಹುದು. ಹೊಣೆ ಹೊರದೆ ಕೇಳಿದವರಿಗೆ ಸಿಗುವುದು ಸೌಜನ್ಯದ ನಗೆ ಮಾತ್ರ. ಬೇಸಿಗೆಯಲ್ಲಿ ಮಹಾರಾಷ್ಟ್ರೀಯ ಮಂಡಳದ ಶಿಬಿರಗಳು ಹೆಸರುವಾಸಿ; ಪ್ರವೇಶದ ಸುದ್ದಿಯನ್ನು ಮುಂಚಿತವಾಗಿಯೇ ವಿಚಾರಿಸಿಡಬೇಕು.

ಎಲ್ಲವೂ ಮುಚ್ಚಿದ್ದಾಗ ಬೆಟ್ಟಗಳಿವೆ. ವೇತಾಳ ಟೇಕಡಿ, ಹನುಮಾನ ಟೇಕಡಿ, ತಳಜಾಯಿ, ಬಾಣೇರ-ಪಾಷಾಣದ ಗುಡ್ಡ ಇವು ಪುಣೆಯ ಮಕ್ಕಳಿಗೆ ಪ್ರಕೃತಿಯೇ ಬಿಟ್ಟುಕೊಟ್ಟ ಬಯಲು. ಟಿಕೆಟಿಲ್ಲ, ಉಯ್ಯಾಲೆಯಿಲ್ಲ, ನಿಷೇಧದ ಫಲಕವೂ ಅಷ್ಟಾಗಿ ಇಲ್ಲ. ಚಿಕ್ಕ ಮಕ್ಕಳನ್ನು ಒಂಟಿಯಾಗಿ ಕಳುಹಿಸುವಂತಿಲ್ಲ, ಕತ್ತಲಾಗುವ ಮೊದಲು ಇಳಿದುಬಿಡಬೇಕು. ಮಳೆ ನಿಂತ ಮೇಲೆ ದಾರಿಯ ಪೊದೆಗಳಲ್ಲಿ ನಸುಗುನ್ನಿಯ ಬಳ್ಳಿ ಕಾಯಿ ಬಿಡುತ್ತದೆ. ಮರಾಠಿಯಲ್ಲಿ ಅದನ್ನು ಖಾಜಕುಯಿಲಿ ಎನ್ನುತ್ತಾರೆ. ಅದರ ರೋಮ ತಾಗಿದ ಮಗು ರಾತ್ರಿಯಿಡೀ ತುರಿಸಿಕೊಳ್ಳುತ್ತದೆ. ಆ ತಿಂಗಳುಗಳಲ್ಲಿ ಪೂರ್ಣ ತೋಳಿನ ಅಂಗಿ, ಬೂಟು ತೊಡಿಸಿ ಕರೆದೊಯ್ಯಿರಿ. ಕಾಯಿ ಹೇಗಿರುತ್ತದೆಂದು ಮೊದಲ ದಿನವೇ ದೂರದಿಂದ ತೋರಿಸಿಬಿಡಿ.